ಬೀಗದ ಕೈ ತಗೊಂಡ ದಿನದ ಮೀಟರ್ ನಂಬರ್

ಸೆಪ್ಟೆಂಬರ್ ಕೊನೇಲಿ ಇಲ್ಲಿ ಬರ್ಮಿಂಗ್‌ಹ್ಯಾಮ್ ಕಡೆಯ ಒಂದಷ್ಟು ಕನ್ನಡದವರು ಸೇರಿ, ಓದೋಕೆ ಕೆಲಸಕ್ಕೆ ಅಂತ ಹೊಸದಾಗಿ ಬಂದಿರೋರಿಗೆ ಒಂದು ಭಾನುವಾರ ಊಟ ಇಟ್ಕೊಂಡಿದ್ವಿ. ಊಟಕ್ಕೆ ಮುಂಚೆ ಒಬ್ಬೊಬ್ರು ಒಂದೊಂದು ವಿಷಯ ಹೇಳಿದ್ರು, ಬ್ಯಾಂಕ್ ಅಕೌಂಟು, ಡಾಕ್ಟರ್ ಹತ್ರ ಹೆಸರು ಬರೆಸೋದು, ಹೀಗೆ. ನನ್ನ ಪಾಲಿಗೆ ಬಂದಿದ್ದು ಬಾಡಿಗೆ ಮನೆಯ ಕರೆಂಟು ಗ್ಯಾಸ್ ಬಿಲ್ಲು. ಹೇಳಿದ್ದನ್ನ ಬರೆದು ಕೊಡಿ ಅಂತ ಕೆಲವ್ರು ಕೇಳಿದ್ರು, ಅದಕ್ಕೆ ಮಾತಾಡಿದ ಹಾಗೇ ಬರೀತಿದೀನಿ, ಅವತ್ತು ಟೈಮ್ ಸಾಲದೆ ಬಿಟ್ಟುಹೋಗಿದ್ದ ಒಂದೆರಡು ಸಂಗತಿ ಸೇರಿಸಿದೀನಿ.

ಎಲ್ರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ಎಷ್ಟು ಜನ ಮನೆ ಬೀಗದ ಕೈ ತಗೊಂಡ ದಿನ ಮೀಟರ್ ನೋಡಿದೀರಾ, ಕೈ ಎತ್ತಿ. ಮೂರು ಜನ. ಸರಿ, ಉಳಿದೋರಿಗೆ ಇವತ್ತು ಸಂಜೆ ಮನೆಗೆ ಹೋದ ತಕ್ಷಣ ಒಂದು ಕೆಲಸ ಇದೆ, ಚಪ್ಪಲಿ ಬಿಡೋಕೆ ಮುಂಚೆ ಮೀಟರ್ ಎಲ್ಲಿದೆ ಅಂತ ಹುಡುಕಿ ಫೋಟೋ ತಗೊಳ್ಳಿ. ಯಾಕೆ ಅಂತ ಈಗ ಹೇಳ್ತೀನಿ.

ನಮಗೆ ಊರಿಂದ ಬಂದಿರೋ ಅಭ್ಯಾಸ ಬೇರೆ. ಬೆಂಗಳೂರಲ್ಲಿ ಬಾಡಿಗೆ ಮನೆಗೆ ಹೋದ್ರೆ ಬೆಸ್ಕಾಂ ಕನೆಕ್ಷನ್ ಓನರ್ ಹೆಸರಲ್ಲೇ ಇರತ್ತೆ, ಆರ್‌ಆರ್ ನಂಬರ್ ಯಾವತ್ತೂ ಬದಲಾಗಲ್ಲ, ತಿಂಗಳ ಶುರುವಲ್ಲಿ ಮೀಟರ್ ರೀಡರ್ ಬಂದು ಮೀಟರ್ ನೋಡಿ ಕೈಲಿರೋ ಮಿಷನ್‌ನಿಂದ ಬಿಲ್ ಹರಿದು ಬಾಗಿಲಿಗೆ ಸಿಗಿಸಿ ಹೋಗ್ತಾರೆ, ಹಿಂದಿನ ರೀಡಿಂಗು ಇಷ್ಟು ಈಗಿನ ರೀಡಿಂಗು ಇಷ್ಟು ಅಂತ ಅದರಲ್ಲೇ ಇರತ್ತೆ, ನಾವು ಫೋನಲ್ಲಿ ಕಟ್ತೀವಿ, ಮುಗೀತು. ಮೊದಲ ತಿಂಗಳು ಹಳಬರದ್ದು ನಾಲ್ಕು ದಿನ ಸೇರಿದ್ರೂ ಓನರ್ ಆಂಟಿ ಹತ್ರ ಮಾತಾಡಿ ಬಾಡಿಗೆಯಲ್ಲಿ ಹಿಡ್ಕೊಳ್ಳಬಹುದು. ಒಬ್ಬ ಮನುಷ್ಯ ಬಂದು ಕಣ್ಣಾರೆ ನೋಡಿದ ನಂಬರ್ ಅದು, ಹಂಗಾಗಿ ಬಿಲ್ ಅಂದ್ರೆ ನಂಬಿಕೆ.

ಇಲ್ಲಿ ಹಂಗಲ್ಲ. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ ಬಾಡಿಗೆ ಕರಾರು ಶುರುವಾದ ದಿನದಿಂದ ಆ ಮನೆಗೆ ಕರೆಂಟು ಗ್ಯಾಸು ಕೊಡ್ತಿರೋ ಕಂಪನಿ ಜೊತೆ ನಿಮಗೆ ತಾನಾಗೇ ಒಂದು ಒಪ್ಪಂದ ಆಗಿಬಿಡತ್ತೆ, ಡೀಮ್ಡ್ ಕಾಂಟ್ರಾಕ್ಟ್ ಅಂತಾರೆ, ನೀವು ಸೈನ್ ಹಾಕಿರಲ್ಲ, ಫೋನ್ ಮಾಡಿರಲ್ಲ, ಕಂಪನಿ ಹೆಸರೂ ಗೊತ್ತಿರಲ್ಲ, ಆದ್ರೂ ಒಲೆ ಹಚ್ಚಿದ್ರಿ ಅಂದ್ರೆ ಅವರ ಗಿರಾಕಿ. ಬಾಡಿಗೆಗೆ ಬಿಲ್ ಎಲ್ಲ ಸೇರಿಸಿ ಕೊಡೋ ಮನೆ ಆದ್ರೆ ಈ ತಲೆನೋವಿಲ್ಲ, ಕರಾರು ಪತ್ರದಲ್ಲಿ ಅದನ್ನ ಮೊದಲು ನೋಡ್ಕೊಳ್ಳಿ. ಇಲ್ಲ ಅಂದ್ರೆ ಬಿಲ್ ನಿಮ್ಮ ಹೆಸರಿಗೆ ಬರತ್ತೆ, ಮತ್ತೆ ಮೀಟರ್ ನೋಡೋಕೆ ಯಾರೂ ಬಂದಿರಲ್ಲ. ಕಂಪನಿಯ ಕಂಪ್ಯೂಟರ್ ಹಳೇ ಲೆಕ್ಕ ಇಟ್ಕೊಂಡು, ಈ ಹೊತ್ತಿಗೆ ಮೀಟರ್ ಇಷ್ಟು ತೋರಿಸ್ತಿರಬೇಕು ಅಂತ ಒಂದು ಅಂದಾಜು ಹಾಕಿರತ್ತೆ. ನೀವು ಬಂದ ದಿನದ್ದು ಅಂತ ಅವರು ಬಿಲ್ ಮೇಲೆ ಹಾಕೋ ಆ ನಂಬರೇ ಓಪನಿಂಗ್ ರೀಡಿಂಗು.

ನಮ್ಮ ಕಥೆ ಹೇಳ್ತೀನಿ. 2019, ಅಕ್ಟೋಬರ್ 12, ಶನಿವಾರ. ನಾನು, ನಮ್ಮೆಜಮಾನ್ರು, ಮೂರು ವರ್ಷದ ಮಗಳು. ಸಾಲು ಮನೆಗಳಲ್ಲಿ ಒಂದು, ಎರಡು ಬೆಡ್‌ರೂಮು. ಏಜೆಂಟ್ ಆಫೀಸಲ್ಲಿ ಬೀಗದ ಕೈ ತಗೊಂಡ್ವಿ, ಹಾಲು ಉಕ್ಕಿಸಿದ್ವಿ, ಮಗಳಿಗೆ ಚಳಿ ಅಂತ ಗ್ಯಾಸಲ್ಲಿ ಓಡೋ ಹೀಟಿಂಗ್ ಹಾಕಿದ್ವಿ, ಮೀಟರ್ ಅನ್ನೋದು ತಲೆಗೇ ಬರಲಿಲ್ಲ. ಒಂಬತ್ತನೇ ದಿನ, ಅಂದ್ರೆ 21ನೇ ತಾರೀಖು, ಆಫೀಸಲ್ಲಿ ಜೊತೆಗಿರೋರು ಒಬ್ರು ಕೇಳಿದ್ರು ಮೀಟರ್ ರೀಡಿಂಗ್ ಕೊಟ್ರಾ ಅಂತ, ಆವಾಗ ಹೋಗಿ ಮೆಟ್ಟಿಲ ಕೆಳಗಿನ ಕಪಾಟು ತೆಗೆದು ನೋಡಿದ್ವಿ. ಗ್ಯಾಸ್ ಮೀಟರ್ 6391 ತೋರಿಸ್ತಿತ್ತು. ಫೋಟೋ ತೆಗೆದು ಕಂಪನಿಗೆ ಕೊಟ್ವಿ. ಆಮೇಲೆ ಮೊದಲ ಬಿಲ್ ಬಂತು. ಅದರಲ್ಲಿ 12ನೇ ತಾರೀಖಿನ ಓಪನಿಂಗ್ ರೀಡಿಂಗ್ 6214, ಪಕ್ಕದಲ್ಲಿ ಸಣ್ಣದಾಗಿ ಎಸ್ಟಿಮೇಟೆಡ್ ಅಂತ. ಒಂಬತ್ತು ದಿನಕ್ಕೆ 177 ಅಂಕಿ ಓಡಿದೆ ಅಂತ ಅವರ ಲೆಕ್ಕ.

ಹಳೇ ಗ್ಯಾಸ್ ಮೀಟರ್‌ನಲ್ಲಿ ಒಂದು ಅಂಕಿ ಅಂದ್ರೆ ನೂರು ಘನ ಅಡಿ. ಅದನ್ನ 2.83ರಿಂದ ಗುಣಿಸಿದ್ರೆ ಘನ ಮೀಟರ್ ಆಗತ್ತೆ, ಆಮೇಲೆ 1.02264ರಿಂದ ಗುಣಿಸ್ತಾರೆ, ಆಮೇಲೆ ಗ್ಯಾಸಿನ ಶಾಖದ ಅಂಕಿ, ಅದು 39.5 ಆಸುಪಾಸು, ಅದರಿಂದ ಗುಣಿಸಿ 3.6ರಿಂದ ಭಾಗಿಸಿದ್ರೆ ಯುನಿಟ್ ಬರತ್ತೆ, ನಮ್ಮೂರಲ್ಲಿ ಕರೆಂಟಿಗೆ ಹೇಳೋ ಅದೇ ಯುನಿಟ್. ಇದು ಪ್ರತಿ ಬಿಲ್ಲಿನ ಒಳಗಿನ ಪುಟದಲ್ಲಿ ಇರತ್ತೆ, ಯಾರೂ ಓದಲ್ಲ. ಅವತ್ತು ರಾತ್ರಿ ಮಗಳನ್ನ ಮಲಗಿಸಿ ಇಬ್ರೂ ಕೂತು ಲೆಕ್ಕ ಹಾಕಿದ್ವಿ. 177 ಅಂಕಿ ಅಂದ್ರೆ ಸುಮಾರು 5620 ಯುನಿಟ್. ಆಗ ನಮ್ಮ ದರ ಯುನಿಟ್‌ಗೆ 3.8 ಪೆನ್ಸ್, ಶೇಕಡಾ 5 ವ್ಯಾಟ್ ಸೇರಿಸಿದ್ರೆ 224 ಪೌಂಡ್. 2025ರ ಕೊನೇಲಿ ದರ 6 ಪೆನ್ಸ್ ಆಸುಪಾಸು ಇತ್ತು, ಅದೇ ತಪ್ಪು ಆವಾಗ ಆಗಿದ್ರೆ ಸುಮಾರು 350 ಪೌಂಡ್. ಹೊಸದಾಗಿ ಬಂದು ಅಡ್ವಾನ್ಸು, ಬಾಡಿಗೆ, ಹಾಸಿಗೆ, ಪಾತ್ರೆ ಅಂತ ಕೈ ಖಾಲಿ ಮಾಡ್ಕೊಂಡಿರೋರಿಗೆ ಅದು ಚಿಕ್ಕ ದುಡ್ಡಲ್ಲ.

ಬ್ರಿಟನ್ನಿನ ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಇದೆಯಲ್ಲ, ಅವರು ಆಗ ಒಂದು ಸಾಧಾರಣ ಮನೆಗೆ ವರ್ಷಕ್ಕೆ 12,000 ಯುನಿಟ್ ಗ್ಯಾಸ್ ಅಂತ ಇಟ್ಕೊಂಡಿದ್ರು, 2023ರಲ್ಲಿ ಅದನ್ನ 11,500 ಮಾಡಿದ್ರು. ಅಂದ್ರೆ ಒಂದು ಮನೆ ಅರ್ಧ ವರ್ಷಕ್ಕೆ ಸುಡೋ ಗ್ಯಾಸನ್ನ ನಾವು ಒಂಬತ್ತು ದಿನದಲ್ಲಿ, ಅದೂ ಅಕ್ಟೋಬರ್‌ನಲ್ಲಿ, ಸುಟ್ಟಿದೀವಿ ಅಂತ ಬಿಲ್. ಎಲ್ಲ ಕಿಟಕಿ ತೆಗೆದಿಟ್ಟು ಹಗಲು ರಾತ್ರಿ ಹೀಟಿಂಗ್ ಹಾಕಿದ್ರೂ ಆ ಮನೆಯಲ್ಲಿ ಅಷ್ಟು ಆಗಲ್ಲ. ಈ ಲೆಕ್ಕ ಮುಂದೆ ತುಂಬ ಕೆಲಸಕ್ಕೆ ಬಂತು, ಯಾಕಂದ್ರೆ ಮೊದಲ ದಿನದ ಫೋಟೋ ನಮ್ಮ ಹತ್ರ ಇರಲಿಲ್ಲ.

ಫೋನ್ ಮಾಡಿದೆ. ಆ ಕಡೆ ಇದ್ದ ಹುಡುಗಿ ಒಳ್ಳೇ ಮಾತಿನಲ್ಲೇ ಹೇಳಿದ್ಲು, ಈ ನಂಬರ್ ಹಿಂದಿನ ಬಾಡಿಗೆದಾರರ ಅಕೌಂಟ್ ಮುಚ್ಚಿದ ನಂಬರು, ಬದಲಾಯಿಸೋಕೆ ಬರಲ್ಲ ಅಂತ. ನಂಗೆ ಅವತ್ತೇ ಈ ವ್ಯವಹಾರ ಪೂರ್ತಿ ಅರ್ಥ ಆಗಿದ್ದು.

ನಮ್ಮೂರು ಅರಸೀಕೆರೆ ಹತ್ರ. ಎರಡು ಹೊಲದ ನಡುವೆ ಬಾಂದುಕಲ್ಲು ಇರತ್ತೆ ಗೊತ್ತಲ್ಲ, ಅದು ಇಬ್ರದ್ದೂ. ನಮ್ಮ ಕಡೆಗೆ ಎರಡು ಅಡಿ ಸರಿದ್ರೆ ಪಕ್ಕದವರ ಹೊಲ ಎರಡು ಅಡಿ ಬೆಳೀತು ಅಂತ. ಅದಕ್ಕೇ ಬಾಂದುಕಲ್ಲಿನ ತಕರಾರು ಅಂದ್ರೆ ನಮ್ಮಪ್ಪ ಒಬ್ರೇ ಹೋಗಿ ಕಲ್ಲು ಎತ್ತಿಡೋಕೆ ಆಗ್ತಿರಲಿಲ್ಲ, ಸರ್ವೆಯವರು ಬಂದು ನಕ್ಷೆ ಹಿಡಿದು ಅಳೀಬೇಕಿತ್ತು. ಓಪನಿಂಗ್ ರೀಡಿಂಗೂ ಅಂಥದ್ದೇ. ಹಿಂದಿನವರ ಕೊನೇ ನಂಬರು, ನಿಮ್ಮ ಮೊದಲ ನಂಬರು, ಎರಡೂ ಒಂದೇ. ನಮ್ಮ ಹಿಂದೆ ಇದ್ದೋರು ಹೋಗುವಾಗ ರೀಡಿಂಗ್ ಕೊಟ್ಟೇ ಇರಲಿಲ್ಲ, ಅದಕ್ಕೂ ಮುಂಚೆ ತುಂಬ ದಿನದಿಂದ ಕೊಟ್ಟಿರಲಿಲ್ಲ, ಕಂಪನಿ ಅಂದಾಜಿನ ಮೇಲೆ ಅಂದಾಜು ಹಾಕ್ಕೊಂಡು ಬಂದು 6214ಕ್ಕೆ ಅವರ ಅಕೌಂಟ್ ಮುಚ್ಚಿ ಕೊನೇ ಬಿಲ್ ಕಳಿಸಿಬಿಟ್ಟಿತ್ತು. ನಿಜವಾಗಿ ಅವರು ಸುಟ್ಟಿದ್ದು ಅದಕ್ಕಿಂತ ಜಾಸ್ತಿ, ಆ ವ್ಯತ್ಯಾಸ ಎಲ್ಲ ನಮ್ಮ ತಲೆ ಮೇಲೆ ಬಂತು. ಈಗ ನಮ್ಮ ನಂಬರ್ ಸರಿ ಮಾಡಬೇಕು ಅಂದ್ರೆ ಹಳಬರ ಮುಚ್ಚಿದ ಬಿಲ್ ಮತ್ತೆ ತೆಗೀಬೇಕು, ಅವರು ಎಲ್ಲಿದಾರೋ ಹುಡುಕಬೇಕು, ದುಡ್ಡು ಕೇಳಬೇಕು. ಕಂಪನಿಗೆ ಅದು ಕಷ್ಟದ ಕೆಲಸ, ಇಲ್ಲಿ ಕಣ್ಣೆದುರು ಇರೋ ನಮ್ಮನ್ನ ಕೇಳೋದು ಸುಲಭ. ಆದ್ರೆ ಅದು ಅವರ ಕಷ್ಟ, ನಮ್ಮ ಸಾಲ ಅಲ್ಲ. ಹಿಂದಿನ ಬಾಡಿಗೆದಾರರು ಸುಟ್ಟ ಗ್ಯಾಸಿಗೆ ನೀವು ಒಂದು ಪೆನ್ನಿ ಕೊಡಬೇಕಾಗಿಲ್ಲ, ಇದನ್ನ ಗಟ್ಟಿಯಾಗಿ ಮನಸ್ಸಲ್ಲಿ ಇಟ್ಕೊಳ್ಳಿ, ಫೋನಲ್ಲಿ ಯಾರು ಎಷ್ಟೇ ನಯವಾಗಿ ಹೇಳಿದ್ರೂ.

ಸರಿ, ಸರ್ವೆ ನಕ್ಷೆ ಎಲ್ಲಿಂದ ತರೋದು? ಯೋಚನೆ ಮಾಡ್ತಾ ಇದ್ದಾಗ ನಮ್ಮೆಜಮಾನ್ರು ಏಜೆಂಟ್ ಕೊಟ್ಟ ಇನ್ವೆಂಟರಿ ತೆಗೆದ್ರು. ಮನೆ ಕೊಡುವಾಗ ಗೋಡೆ ಹೀಗಿದೆ, ಕಾರ್ಪೆಟ್ ಮೇಲೆ ಇಲ್ಲಿ ಕಲೆ ಇದೆ, ಕರ್ಟನ್ ಎಷ್ಟು, ಅಂತ ಫೋಟೋ ಸಮೇತ ಒಂದು ದೊಡ್ಡ ರಿಪೋರ್ಟ್ ಕೊಡ್ತಾರೆ, ಡೆಪಾಸಿಟ್ ವಾಪಸ್ ಕೊಡುವಾಗ ಜಗಳ ಬಂದ್ರೆ ಅಂತ. ನಾವು ಗೋಡೆ ಕಲೆಗಳನ್ನೆಲ್ಲ ಸರಿಯಾಗಿ ನೋಡಿ ಸೈನ್ ಹಾಕಿದ್ವಿ, ಕೊನೇ ಪುಟ ನೋಡಿರಲಿಲ್ಲ. ಅದರಲ್ಲಿ ಇತ್ತು. ಗ್ಯಾಸ್ ಮೀಟರ್, ಸೀರಿಯಲ್ ನಂಬರ್, ರೀಡಿಂಗ್ 6383, ಫೋಟೋ, ತಾರೀಖು. ಆ ಪುಟ ನೋಡಿದಾಗ ಆದ ಸಮಾಧಾನ ನಂಗೆ ಇವತ್ತೂ ನೆನಪಿದೆ. 6383ರಿಂದ 6391 ಅಂದ್ರೆ ಎಂಟೇ ಅಂಕಿ, 254 ಯುನಿಟ್, ವ್ಯಾಟ್ ಸೇರಿ 10 ಪೌಂಡ್ ಚಿಲ್ಲರೆ. 224 ಎಲ್ಲಿ, 10 ಎಲ್ಲಿ.

ಇನ್ವೆಂಟರಿ ನಿಮ್ಮದಲ್ಲ, ಏಜೆಂಟ್ ಕಡೆಯವರು ಬರೆದಿದ್ದು, ಅದಕ್ಕೇ ಕಂಪನಿ ಎದುರು ಅದಕ್ಕೆ ತೂಕ ಜಾಸ್ತಿ. ನೀವೂ ಫೋಟೋ ತೆಗೀಬೇಕು, ಇನ್ವೆಂಟರಿಯಲ್ಲೂ ರೀಡಿಂಗ್ ಇದೆಯಾ ನೋಡಬೇಕು, ಇಲ್ಲ ಅಂದ್ರೆ ಸೈನ್ ಹಾಕೋಕೆ ಮುಂಚೆ ಬರೆಸಬೇಕು. ಈಗಾಗಲೇ ಸೈನ್ ಹಾಕಿ ಆಗಿದ್ರೆ ಏಜೆಂಟ್‌ಗೆ ಒಂದು ಇಮೇಲ್ ಹಾಕಿ, ಹಿಂದಿನವರು ಖಾಲಿ ಮಾಡಿದಾಗಿನ ಚೆಕ್‌ಔಟ್ ರಿಪೋರ್ಟಲ್ಲಿ ಮೀಟರ್ ನಂಬರ್ ಎಷ್ಟಿತ್ತು ಅಂತ ಕೇಳಿ, ಅದು ಅವರ ಫೈಲಲ್ಲಿ ಸಾಮಾನ್ಯವಾಗಿ ಇರತ್ತೆ.

ಫೋಟೋ ತೆಗೆಯೋದು ಹೇಗೆ ಅಂತ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ ಬರೀ ನಂಬರ್ ಫೋಟೋ ಸಾಲಲ್ಲ. ಮೀಟರ್ ಮೇಲೆ ಸೀರಿಯಲ್ ನಂಬರ್ ಇರತ್ತೆ, ಬಾರ್‌ಕೋಡ್ ಹತ್ರ, ಅದೂ ರೀಡಿಂಗೂ ಒಂದೇ ಫೋಟೋದಲ್ಲಿ ಬರಬೇಕು. ಒಂದು ಫೋಟೋ ದೂರದಿಂದ, ಕಪಾಟಿನ ಬಾಗಿಲು ಕಾಣೋ ಹಾಗೆ. ಅದನ್ನ ಅವತ್ತೇ ನಿಮಗೆ ನೀವೇ ಇಮೇಲ್ ಮಾಡ್ಕೊಳ್ಳಿ, ಏಜೆಂಟ್‌ಗೂ ಕಳಿಸಿ, ತಾರೀಖಿಗೆ ಸಾಕ್ಷಿ ಆಗತ್ತೆ. ಓದುವಾಗ ಕೆಂಪು ಬಣ್ಣದ ಅಂಕಿ ಅಥವಾ ಚುಕ್ಕೆ ಆದಮೇಲಿನ ಅಂಕಿ ಬಿಟ್ಟುಬಿಡಿ. ಒಬ್ರು ನಮ್ಮವರೇ ಕೆಂಪು ಅಂಕಿನೂ ಸೇರಿಸಿ ಕೊಟ್ಟು ರೀಡಿಂಗ್ ಹತ್ತು ಪಟ್ಟು ಆಗಿ ತಿಂಗಳುಗಟ್ಟಲೆ ಒದ್ದಾಡಿದಾರೆ. ಹಳೇ ಮನೆಗಳಲ್ಲಿ ಗಡಿಯಾರದ ಥರ ಸಣ್ಣ ಸಣ್ಣ ಮುಳ್ಳಿನ ಮೀಟರ್ ಸಿಕ್ಕಿದ್ರೆ ಹುಷಾರು, ಅಕ್ಕಪಕ್ಕದ ಮುಳ್ಳು ವಿರುದ್ಧ ದಿಕ್ಕಿಗೆ ತಿರುಗತ್ತೆ, ಮುಳ್ಳು ಎರಡು ಅಂಕಿ ಮಧ್ಯ ಇದ್ರೆ ಚಿಕ್ಕದನ್ನ ಬರ್ಕೊಳ್ಳಿ, 9 ಮತ್ತೆ 0 ಮಧ್ಯ ಇದ್ರೆ 9. ಎಕಾನಮಿ 7 ಅಂತ ಕೆಲವು ಮನೆಗಳಲ್ಲಿ ಹಗಲಿಗೆ ಒಂದು ರಾತ್ರಿಗೆ ಒಂದು ಅಂತ ಎರಡು ರೀಡಿಂಗ್ ಇರತ್ತೆ, ಎರಡೂ ಬೇಕು, ಬಿಲ್ ಬಂದಾಗ ಅದಲು ಬದಲು ಆಗಿಲ್ಲ ಅಂತಾನೂ ನೋಡಿ.

ತಾನಾಗೇ ಕಂಪನಿಗೆ ರೀಡಿಂಗ್ ಕಳಿಸೋ ಸ್ಮಾರ್ಟ್ ಮೀಟರ್ ಇದೆ, ನಂಗೆ ಇದೆಲ್ಲ ಯಾಕೆ ಅಂತ ಹಿಂದಿನ ಸಾಲಲ್ಲಿ ಯಾರೋ ಅಂದ್ರಿ. ಬೇಕು. ಅಡುಗೆಮನೇಲಿ ಇಟ್ಟಿರೋ ಆ ಸಣ್ಣ ಪರದೆ ದುಡ್ಡು ತೋರಿಸತ್ತೆ, ಅದು ಮೀಟರ್ ಅಲ್ಲ. ಮೀಟರ್ ಹತ್ರಾನೇ ಹೋಗಿ ಬಟನ್ ಒತ್ತಿ ನೋಡಬೇಕು. ಕಂಪನಿ ಬದಲಾದಾಗ ಹಳೇ ಕಾಲದ ಸ್ಮಾರ್ಟ್ ಮೀಟರ್‌ಗಳು ಸುಮ್ಮನೆ ಮಾಮೂಲಿ ಮೀಟರ್ ಥರ ಆಗಿಬಿಟ್ಟಿರೋದೂ ಉಂಟು, ನಿಮ್ಮದು ರೀಡಿಂಗ್ ಕಳಿಸ್ತಾ ಇದೆಯಾ ಇಲ್ವಾ ಅಂತ ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ.

ಪ್ರೀಪೇಮೆಂಟ್ ಮೀಟರ್ ಇರೋರು, ದಯವಿಟ್ಟು ಇದನ್ನ ಕೇಳಿಸ್ಕೊಳ್ಳಿ. ಅಂಗಡೀಲಿ ಕೀ ಅಥವಾ ಕಾರ್ಡ್‌ಗೆ ದುಡ್ಡು ಹಾಕಿಸೋ ಮೀಟರ್. ಹಳಬರ ಕೀ ಡ್ರಾಯರಲ್ಲಿ ಬಿದ್ದಿರತ್ತೆ, ಅದಕ್ಕೆ 20 ಪೌಂಡ್ ಹಾಕಿ ತಂದು ಮೀಟರ್‌ಗೆ ಸಿಕ್ಕಿಸಿದ್ರೆ ಅವರ ಸಾಲಕ್ಕೆ ಒಂದಷ್ಟು ಕಟ್ ಆಗಿಹೋಗಬಹುದು, ಯಾಕಂದ್ರೆ ಸಾಲದ ಲೆಕ್ಕ ಮೀಟರ್ ಒಳಗೇ ಕೂತಿರತ್ತೆ. ದುಡ್ಡು ಹಾಕೋಕೆ ಮುಂಚೆ ಕಂಪನಿಗೆ ಫೋನ್ ಮಾಡಿ ನಾವು ಹೊಸಬರು ಅಂತ ಹೇಳಿ ಹೊಸ ಕೀ ತರಿಸ್ಕೊಳ್ಳಿ.

ಯಾವ ಕಂಪನಿ ಅಂತ ಗೊತ್ತಾಗೋದು ಹೇಗೆ? ಏಜೆಂಟ್ ಹೇಳ್ತಾರೆ, ಇಲ್ಲ ಅಂದ್ರೆ ಗ್ಯಾಸಿಗೆ ಫೈಂಡ್ ಮೈ ಸಪ್ಲೈಯರ್ ಅಂತ ಸೈಟ್ ಇದೆ, ಕರೆಂಟಿಗೆ ನಿಮ್ಮ ಏರಿಯಾದ ವಿತರಣಾ ಜಾಲದವರನ್ನ ಕೇಳಬೇಕು. ನಮ್ಮ ಆರ್‌ಆರ್ ನಂಬರ್ ಥರ ಇಲ್ಲಿ ಕರೆಂಟಿಗೆ ಎಂಪ್ಯಾನ್, ಗ್ಯಾಸಿಗೆ ಎಂಪಿಆರ್‌ಎನ್ ಅಂತ ನಂಬರ್ ಇದೆ, ಅದು ಮನೆಗೆ ಅಂಟಿಕೊಂಡಿರೋದು. ಮತ್ತೆ ದಿ ಆಕ್ಯುಪೈಯರ್ ಅಂತ ಬರೆದಿರೋ ಕವರ್ ಬಂದ್ರೆ ಅದು ಹಳಬರದ್ದು ಅಂತ ಎಸೀಬೇಡಿ, ಮನೇಲಿ ಈಗ ಯಾರಿದಾರೋ ಅವರಿಗೆ ಅಂತ ಅರ್ಥ, ಅಂದ್ರೆ ನಿಮಗೆ.

ತಾರೀಖಿನ ಬಗ್ಗೆ ಒಂದು ಮಾತು. ನಿಮ್ಮ ಲೆಕ್ಕ ಶುರುವಾಗೋದು ಕರಾರು ಪತ್ರದಲ್ಲಿರೋ ತಾರೀಖಿಂದ, ನೀವು ಏರ್‌ಪೋರ್ಟಿಂದ ಬಂದು ಇಳಿದ ದಿನದಿಂದ ಅಲ್ಲ. ಸೆಪ್ಟೆಂಬರ್ 1ಕ್ಕೆ ಕರಾರು, ನೀವು ಬಂದಿದ್ದು 14ಕ್ಕೆ ಅಂದ್ರೆ ಮಧ್ಯದ ದಿನಗಳ ಸ್ಟ್ಯಾಂಡಿಂಗ್ ಚಾರ್ಜ್, ಅಂದ್ರೆ ಬಳಸಿದ್ರೂ ಬಳಸದಿದ್ರೂ ದಿನಕ್ಕಿಷ್ಟು ಅಂತ ಹಾಕೋ ದುಡ್ಡು, ನಿಮ್ಮದೇ. ಆದ್ರೆ ಹಳಬರು ಹೋದ ಮೇಲೆ ನಿಮ್ಮ ಕರಾರು ಶುರುವಾಗೋ ತನಕ ಮನೆ ಖಾಲಿ ಇತ್ತಲ್ಲ, ಪೇಂಟಿಂಗ್ ರಿಪೇರಿ ಅಂತ ಕರೆಂಟ್ ಉರಿಸಿರ್ತಾರಲ್ಲ, ಅದು ಮನೆ ಮಾಲೀಕರ ಪಾಲು. ಬಿಲ್ಲಿನ ಮೊದಲ ತಾರೀಖು ಕರಾರಿಗಿಂತ ಹಿಂದಿನದಾಗಿದ್ರೆ ಕರಾರಿನ ಮೊದಲ ಪುಟದ ಫೋಟೋ ಕಳಿಸಿ ಸರಿ ಮಾಡಿಸಿ.

ಈಗ ನಮ್ಮ ತಕರಾರು ಏನಾಯ್ತು ಅಂತ. ಎರಡನೇ ಸಲ ಫೋನಲ್ಲಿ ಮಾತಾಡಲಿಲ್ಲ, ಇಮೇಲ್ ಬರೆದೆ, ಯಾಕಂದ್ರೆ ಮೊದಲ ಸಲ ಹೇಳಿದ್ದಕ್ಕೆ ಏನೂ ದಾಖಲೆ ಇರಲಿಲ್ಲ. ಕರಾರು ಶುರುವಾದ ತಾರೀಖು, ಮೀಟರ್ ಸೀರಿಯಲ್ ನಂಬರ್, ಅವರ ಅಂದಾಜು 6214, ಇನ್ವೆಂಟರಿಯ 6383, ನಾವು ಓದಿದ 6391, ಮೂರಕ್ಕೂ ಕಾಗದ ಜೊತೆಗಿಟ್ಟು, ಒಂಬತ್ತು ದಿನಕ್ಕೆ 5620 ಯುನಿಟ್ ಆಗೋಕೆ ಸಾಧ್ಯನಾ ಅಂತ ಲೆಕ್ಕ ಬರೆದು, ಓಪನಿಂಗ್ ರೀಡಿಂಗ್ 6383 ಅಂತ ತಿದ್ದಿ ಹೊಸ ಬಿಲ್ ಕೊಡಿ ಅಂತ ಕೇಳಿದೆ. ಕೋಪದ ಮಾತು ಒಂದೂ ಹಾಕಲಿಲ್ಲ. ನೋಡ್ತೀವಿ ಅಂತ ಉತ್ತರ ಬಂತು, ಎರಡು ವಾರ ಆದ್ರೂ ಏನಿಲ್ಲ, ಬದಲಿಗೆ ಬಾಕಿ ಕಟ್ಟಿ ಅಂತ ರಿಮೈಂಡರ್ ಬಂತು. ಆ ರಿಮೈಂಡರ್ ನೋಡಿ ನಂಗೆ ನಿದ್ದೆ ಬರಲಿಲ್ಲ, ಹೊಸ ದೇಶ, ನಮ್ಮ ಮೇಲೆ ಏನು ಬರೀತಾರೋ ಅಂತ. ಕಟ್ಟಿಬಿಡೋಣ ಅಂತ ನಮ್ಮೆಜಮಾನ್ರೂ ಅಂದ್ರು. ತುಂಬ ಜನ ಇಲ್ಲೇ ಸೋಲೋದು, ಅವರ ಮೇಲೆ ನಂಗೆ ಬೇಜಾರಿಲ್ಲ, ಅವತ್ತು ನಾವೂ ಕಟ್ಟೋಕೆ ತಯಾರಾಗಿದ್ವಿ.

ಆವಾಗ ಆಫೀಸಿನ ಅದೇ ಸಹೋದ್ಯೋಗಿ ಹೇಳಿಕೊಟ್ಟಿದ್ದು, ಕಂಪ್ಲೇಂಟ್ ಅನ್ನೋ ಪದ ಬರೀ ಅಂತ. ನಾನು ವಿಚಾರಿಸ್ತಿದೀನಿ ಅಂತ ಬರೆದ್ರೆ ಅದು ವಿಚಾರಣೆ. ಇದು ಅಧಿಕೃತ ಕಂಪ್ಲೇಂಟ್ ಅಂತ ಬರೆದ್ರೆ ಅವರು ದಾಖಲಿಸಬೇಕು, ಅವತ್ತಿಂದ ದಿನ ಎಣಿಕೆ ಶುರು. 8 ವಾರದಲ್ಲಿ ಸರಿ ಮಾಡದಿದ್ರೆ, ಇಲ್ಲಾ ಅದಕ್ಕೂ ಮುಂಚೆ ನಮ್ಮ ಕೈಲಿ ಇಷ್ಟೇ ಆಗೋದು ಅಂತ ಡೆಡ್‌ಲಾಕ್ ಲೆಟರ್ ಕೊಟ್ರೆ, ಗಿರಾಕಿ ಮತ್ತೆ ಕಂಪನಿ ನಡುವಿನ ಇಂಥ ಜಗಳ ಬಿಡಿಸೋ ಎನರ್ಜಿ ಓಂಬುಡ್ಸ್‌ಮನ್ ಹತ್ರ ಹೋಗಬಹುದು. ಅದಕ್ಕೆ ಫೀಸ್ ಇಲ್ಲ, ಲಾಯರ್ ಬೇಡ. ಅವರ ತೀರ್ಮಾನ ನೀವು ಒಪ್ಪಿದ್ರೆ ಕಂಪನಿ ಪಾಲಿಸಲೇಬೇಕು. ಆಫ್‌ಜೆಮ್‌ಗೆ ನೇರ ಬರೆದ್ರೆ ಒಬ್ಬೊಬ್ಬರ ಬಿಲ್ ಜಗಳ ಅವರು ಬಿಡಿಸಲ್ಲ, ಅಲ್ಲಿ ಟೈಮ್ ಕಳೀಬೇಡಿ.

ಜೊತೆಗೆ ಇನ್ನೊಂದು ಮಾಡಿದ್ವಿ, ಇದು ನನ್ನ ಪ್ರಕಾರ ಬಹಳ ಮುಖ್ಯ. ಪೂರ್ತಿ ಬಿಲ್ ನಿಲ್ಲಿಸಲಿಲ್ಲ. ಕರೆಂಟ್ ಬಿಲ್ ಸರಿಯಾಗಿತ್ತು, ಅದನ್ನ ಕಟ್ಟಿದ್ವಿ. ಗ್ಯಾಸಿಗೆ ನಮ್ಮ ಲೆಕ್ಕದ ಹತ್ತು ಪೌಂಡು ಮತ್ತೆ ಸ್ಟ್ಯಾಂಡಿಂಗ್ ಚಾರ್ಜ್ ಕಟ್ಟಿದ್ವಿ, ಉಳಿದಿದ್ದು ತಕರಾರಲ್ಲಿದೆ ಅಂತ ಬರೆದ್ವಿ. ನಾವು ದುಡ್ಡು ಕೊಡದೆ ತಪ್ಪಿಸ್ಕೊಳ್ತಿಲ್ಲ ಅಂತ ಕಾಗದದಲ್ಲಿ ಕಾಣಬೇಕು. ಬ್ಯಾಂಕಿಂದ ತಾನಾಗೇ ಬಿಲ್ ಕಟ್ ಆಗೋ ಡೈರೆಕ್ಟ್ ಡೆಬಿಟ್‌ನ ಸಿಟ್ಟಲ್ಲಿ ಕ್ಯಾನ್ಸಲ್ ಮಾಡಿ ಸುಮ್ಮನಾದ್ರೆ ಬಾಕಿ ಅಂತ ಕ್ರೆಡಿಟ್ ಫೈಲಿಗೆ, ಅಂದ್ರೆ ಸಾಲ ಕೊಡೋರು ನೋಡೋ ನಿಮ್ಮ ದಾಖಲೆಗೆ, ಹೋಗಬಹುದು, ಆಮೇಲೆ ಫೋನ್ ಕಾಂಟ್ರಾಕ್ಟ್‌ಗೂ ಪರದಾಟ.

ಕಂಪ್ಲೇಂಟ್ ಅಂತ ಬರೆದ ಐದನೇ ವಾರ ಹೊಸ ಬಿಲ್ ಬಂತು. ಓಪನಿಂಗ್ ರೀಡಿಂಗ್ 6383.

ಮೊದಲ ದಿನದ ಫೋಟೋನೂ ಇಲ್ಲ, ಇನ್ವೆಂಟರಿಯಲ್ಲೂ ಇಲ್ಲ ಅಂದ್ರೆ? ಆಗಲೂ ದಾರಿ ಇದೆ. ಇವತ್ತಿಂದ ಎರಡು ವಾರ ದಿನಾ ಒಂದೇ ಹೊತ್ತಿಗೆ ರೀಡಿಂಗ್ ಬರ್ಕೊಳ್ಳಿ, ದಿನಕ್ಕೆ ಸರಾಸರಿ ಎಷ್ಟು ಅಂತ ನೋಡಿ, ಬಂದು ಎಷ್ಟು ದಿನ ಆಯ್ತೋ ಅಷ್ಟರಿಂದ ಗುಣಿಸಿ ಹಿಂದಕ್ಕೆ ಕಳೀರಿ. ಚಳಿ ಹೆಚ್ಚು ಕಡಿಮೆ ಆಗಿದ್ರೆ ಅದನ್ನೂ ಬರೀರಿ. ನೂರಕ್ಕೆ ನೂರು ಸರಿ ಬರಲ್ಲ, ಆದ್ರೆ ಕಂಪನಿಯದೂ ಅಂದಾಜೇ ತಾನೆ, ನಿಮ್ಮ ಅಂದಾಜು ನಿಜವಾದ ಮೀಟರ್ ನೋಡಿ ಹಾಕಿದ್ದು. ಮತ್ತೆ ಆ ಮೀಟರಿನ ಹಳೇ ರೀಡಿಂಗ್‌ಗಳ ಪಟ್ಟಿ ಕೇಳಿ, ಯಾವುದು ಕಣ್ಣಾರೆ ನೋಡಿದ್ದು, ಯಾವುದು ಗಿರಾಕಿ ಕೊಟ್ಟಿದ್ದು, ಯಾವುದು ಅಂದಾಜು ಅಂತ ಗುರುತು ಹಾಕಿ ಕೊಡಿ ಅಂತ. ಸಾಲಾಗಿ ಅಂದಾಜೇ ಇದ್ರೆ ನಿಮ್ಮ ವಾದ ಅಲ್ಲೇ ಅರ್ಧ ಗೆದ್ದ ಹಾಗೆ.

ತಿರುಗಾಮುರುಗಾ ಆಗೋದೂ ಇದೆ, ಅಂದಾಜು ನಿಜಕ್ಕಿಂತ ಮೇಲಿದ್ದು ನಿಮ್ಮ ಬಿಲ್ ಕಮ್ಮಿ ಬರೋದು. ಆಗ ಹಳಬರು ಸುಡದೇ ಇರೋದಕ್ಕೆ ಕಟ್ಟಿರ್ತಾರೆ. ಅದನ್ನೂ ಹೇಳಿ ಸರಿ ಮಾಡಿಸಿ ಅಂತ ನಾನು ಹೇಳ್ತೀನಿ, ಅವರೂ ನಮ್ಮ ಹಾಗೇ ಬಾಡಿಗೆಗೆ ಇದ್ದೋರು.

ಫ್ಲಾಟಲ್ಲಿ ಇರೋರಿಗೆ ಇನ್ನೊಂದು ತೊಂದರೆ, ಕೆಳಗೆ ಒಂದೇ ಕಪಾಟಲ್ಲಿ ಹನ್ನೆರಡು ಮೀಟರ್ ಸಾಲಾಗಿ, ಮೇಲೆ ಅಂಟಿಸಿರೋ ಫ್ಲಾಟ್ ನಂಬರ್ ಚೀಟಿ ತಪ್ಪು. ಮೈಸೂರಿನ ಒಬ್ಬ ದಂಪತಿ ತುಂಬ ದಿನ ಪಕ್ಕದವರ ಮೀಟರ್ ರೀಡಿಂಗನ್ನೇ ಕೊಡ್ತಾ ಇದ್ರು, ಇಬ್ರ ಬಿಲ್ಲೂ ಅದಲು ಬದಲು. ಓಪನಿಂಗ್ ರೀಡಿಂಗ್ ಎಷ್ಟು ತಿದ್ದಿಸಿದ್ರೂ ಸರಿಹೋಗ್ತಿಲ್ಲ ಅಂದ್ರೆ ಮೊದಲು ಬಿಲ್ ಮೇಲಿನ ಸೀರಿಯಲ್ ನಂಬರು ಮೀಟರ್ ಮೇಲಿಂದು ಒಂದೇನಾ ನೋಡಿ. ಆಮೇಲೆ ಒಬ್ರು ಮನೇಲಿ ಮೇನ್ ಸ್ವಿಚ್ ಆಫ್ ಮಾಡಿ, ಇನ್ನೊಬ್ರು ಕೆಳಗೆ ನಿಂತು ನೋಡಿ, ನಿಮ್ಮದು ಅಂದ್ಕೊಂಡಿರೋ ಮೀಟರ್ ಓಡ್ತಾನೇ ಇದ್ರೆ ಅದು ನಿಮ್ಮದಲ್ಲ.

ಹಳೇ ಬಾಕಿ ಅಂತ ವರ್ಷಗಟ್ಟಲೆ ಹಿಂದಿನದು ಕೇಳಿದ್ರೆ, 2018ರಿಂದ ನಿಯಮ ಇದೆ, ಕಂಪನಿ ತಪ್ಪಿಂದ ಬಿಲ್ ಮಾಡದೆ ಬಿಟ್ಟಿದ್ದನ್ನ 12 ತಿಂಗಳಿಗಿಂತ ಹಿಂದಕ್ಕೆ ಹೋಗಿ ಕೇಳೋ ಹಾಗಿಲ್ಲ. ಇದು ನೀವೇ ಬಳಸಿದ್ದರ ಬಗ್ಗೆ. ಹಳಬರು ಬಳಸಿದ್ದಕ್ಕೆ 12 ತಿಂಗಳ ಮಾತೇ ಇಲ್ಲ, ಅದು ನಿಮ್ಮದೇ ಅಲ್ಲ.

ನೀವು ಮನೆ ಬಿಡೋ ದಿನಾನೂ ಇದೇ ಫೋಟೋ, ಇದೇ ಇಮೇಲ್. ಕೊನೇ ಬಿಲ್ 6 ವಾರದೊಳಗೆ ಕಳಿಸಬೇಕು ಅಂತ ಇದೆ, ಅದಕ್ಕೆ ಹೊಸ ವಿಳಾಸ ಕೊಟ್ಟಿರಿ.

ಮಾತು ಮುಗಿಸೋಕೆ ಹೊರಟಾಗ ಹಾವೇರಿ ಕಡೆಯ ಒಬ್ಬ ಹುಡುಗ ಎದ್ದು ನಿಂತ. "ಅಕ್ಕಾರ, ನಾವು ನಾಕು ಮಂದಿ ಅದೀವಿ, ಮೊದಲನೇ ದಿನಾನ ಫೋಟೋ ತಗದೀವಿ, ಓಪನಿಂಗ್ ರೀಡಿಂಗ್ ಬರೋಬರಿ ಐತಿ, ಆದ್ರೂ ಗ್ಯಾಸ್ ಬಿಲ್ ಭಾಳ ಬಂದೈತ್ರಿ" ಅಂದ. ಫೋನಲ್ಲಿ ಬಿಲ್ ತೋರಿಸಿದ. ಒಳಗಿನ ಪುಟ ತೆಗೆದು ನೋಡಿದ್ವಿ, ಲೆಕ್ಕದ ಸಾಲಲ್ಲಿ 2.83 ಇತ್ತು. ನಿಮ್ಮ ಮೀಟರಲ್ಲಿ ಚುಕ್ಕೆಗಿಂತ ಮುಂಚೆ ನಾಲ್ಕು ಅಂಕಿ ಇದೆಯಾ ಐದಾ ಅಂತ ಕೇಳಿದೆ, ನೆನಪಿಲ್ಲ ಅಂದ, ಮನೇಲಿದ್ದ ಗೆಳೆಯನಿಗೆ ಫೋನ್ ಹಚ್ಚಿದ. ಎಲೆ ಹಾಕೋ ಹೊತ್ತಿಗೆ ಫೋಟೋ ಬಂತು, ಐದು ಅಂಕಿ, ಪಕ್ಕದಲ್ಲಿ ಎಂ ಮೇಲೆ ಸಣ್ಣ 3. ಘನ ಮೀಟರ್ ತೋರಿಸೋ ಹೊಸ ಥರದ ಮೀಟರ್ ಅದು, ಕಂಪನಿ ಅದನ್ನ ಘನ ಅಡಿಯ ಹಳೇ ಮೀಟರ್ ಅಂತ ಬರ್ಕೊಂಡು ಗ್ಯಾಸನ್ನ ಹೆಚ್ಚುಕಮ್ಮಿ ಮೂರು ಪಟ್ಟು ಮಾಡಿತ್ತು. ಊಟ ಆದ ಮೇಲೆ ಅವನೂ ನಾನೂ ಕಿಟಕಿ ಹತ್ರ ಕೂತು ಇಮೇಲ್ ಬರೆದ್ವಿ, ಮೊದಲ ಸಾಲಲ್ಲೇ ಕಂಪ್ಲೇಂಟ್ ಅಂತ ಹಾಕಿ, ಫೋಟೋ ಜೊತೆಗಿಟ್ಟು, ನಾಲ್ಕು ಜನರ ಹೆಸರೂ ಕೆಳಗೆ ಸೇರಿಸಿ ಕಳಿಸಿದ್ವಿ.